ನಾಲ್ಕು ಗೀಟು, ಮೇಲೊಂದು ಅಡ್ಡಗೀಟು

ಗಣಿತದ ಪುಸ್ತಕದಲ್ಲಿ ನನಗೆ ತುಂಬ ಇಷ್ಟವಾದ ಪಾಠ ಸ್ತಂಭಾಲೇಖದ್ದು. ಅದಕ್ಕೆ ಬೇಕಾದ ದತ್ತಾಂಶವನ್ನು ಮಕ್ಕಳೇ ಕಲೆಹಾಕಬಹುದು. ಶಾಲೆಗೆ ಯಾರು ನಡೆದು ಬರುತ್ತಾರೆ, ಯಾರು ಸೈಕಲ್ಲಿನಲ್ಲಿ, ಯಾರು ಬಸ್ಸಿನಲ್ಲಿ? ಒಬ್ಬೊಬ್ಬರಿಗೂ ಒಂದು ಗೀಟು. ಐದನೆಯದು ನಾಲ್ಕರ ಮೇಲೆ ಅಡ್ಡ. ತರಗತಿ ಎಷ್ಟೇ ಗದ್ದಲ ಮಾಡಲಿ, ಲೆಕ್ಕ ತಪ್ಪುವುದಿಲ್ಲ.

ಆಮೇಲೆ ಚೌಕುಳಿ ಹಾಳೆ. ಇಲ್ಲಿ ಆತುರ ಸಲ್ಲದು. ನಡೆದು ಬರುವವರು 18 ಮಂದಿ, ಸೈಕಲ್ಲಿನವರು 9, ಹಾಳೆಯಲ್ಲಿ ಇರುವುದು ಹತ್ತೇ ಮನೆ. ಏನು ಮಾಡೋಣ ಎಂದು ಕೇಳಿ ಸುಮ್ಮನಿರಬೇಕು. ಒಂದು ಮನೆಗೆ ಇಬ್ಬರು ಅಂತ ಯಾವುದಾದರೂ ಮಗು ಹೇಳಲಿ, ಕಾಯೋಣ. ಹಾಗಾದರೆ 9ರ ಕಂಬ ಎಲ್ಲಿ ನಿಲ್ಲಬೇಕು? ನಾಲ್ಕೂವರೆ ಮನೆಗೆ! ಆ ಅರ್ಧ ಮನೆಯ ಮುಂದೆ ಪೆನ್ಸಿಲ್ ತಡೆದು ನಿಲ್ಲುತ್ತದಲ್ಲ, ಪಾಠದ ಜೀವ ಇರುವುದೇ ಅಲ್ಲಿ.

ಕಂಬಗಳ ಅಗಲ ಒಂದೇ, ನಡುವಿನ ಜಾಗ ಒಂದೇ, ಬುಡ ಸೊನ್ನೆಯಲ್ಲಿ. ಸೊನ್ನೆಯ ಮಾತನ್ನು ಒತ್ತಿ ಹೇಳಲೇಬೇಕು: 50 ಮತ್ತು 52ರ ಕಂಬಗಳನ್ನು 49ರಿಂದ ಶುರುಮಾಡಿದರೆ ಒಂದು ಇನ್ನೊಂದರ ಮೂರು ಪಟ್ಟು ಕಾಣುತ್ತದೆ.

ವಿಲಿಯಂ ಪ್ಲೇಫೇರ್ ಎಂಬಾತ 1786ರಲ್ಲೇ ಒಂದು ಸ್ತಂಭಾಲೇಖವನ್ನು ಅಚ್ಚು ಹಾಕಿಸಿದ. ಸ್ಕಾಟ್‌ಲೆಂಡಿನ ವ್ಯಾಪಾರದ ಬಗ್ಗೆ ಅವನ ಕೈಯಲ್ಲಿದ್ದುದು ಒಂದೇ ವರ್ಷದ ಅಂಕಿ. ವರ್ಷದಿಂದ ವರ್ಷಕ್ಕೆ ಗೆರೆ ಎಳೆಯಲು ಅದು ಸಾಲದು. ಹಾಗಾಗಿ 17 ಕಡೆಗಳ ಆಮದಿಗೊಂದು, ರಫ್ತಿಗೊಂದು ಪಟ್ಟಿ ಎಳೆದ, ಅಡ್ಡಡ್ಡವಾಗಿ. ಮಕ್ಕಳೂ ಒಮ್ಮೆ ಹಾಗೆ ಎಳೆದು ನೋಡಲಿ.