ಹವಾಯಿಯ ಸಿಲ್ವರ್‌ಸೋರ್ಡ್ ಗಿಡಗಳ ವಂಶನಿರ್ಣಯ: ಆಕರವಿಮರ್ಶೆಯ ದೃಷ್ಟಿಯಿಂದ

ಹವಾಯಿ ದ್ವೀಪಗಳಲ್ಲಿ ಮಾತ್ರ ಬೆಳೆಯುವ ಸಿಲ್ವರ್‌ಸೋರ್ಡ್ ಬಳಗವು ಸೂರ್ಯಕಾಂತಿಯ ಕುಟುಂಬಕ್ಕೆ ಸೇರಿದುದು. ಆರ್ಜಿರಾಕ್ಸಿಫಿಯಮ್, ವಿಲ್ಕೀಸಿಯ, ಡುಬೌಟಿಯ ಎಂಬ ಮೂರು ಕುಲಗಳಲ್ಲಿ ಸುಮಾರು ಮೂವತ್ತು ಪ್ರಭೇದಗಳಿವೆ. ಹಲೆಯಾಕಲ ಪರ್ವತದ ಮೇಲೆ ದಶಕಗಳ ಕಾಲ ಬೆಳೆದು, ಒಮ್ಮೆ ಹೂಬಿಟ್ಟು ಸಾಯುವ ಬೆಳ್ಳಿಯೆಲೆಯ ಗಿಡವೂ, ಮರಕ್ಕೆ ಹಬ್ಬುವ ಬಳ್ಳಿಯೂ, ಜೌಗುನೆಲಕ್ಕೆ ಅಂಟಿದ ಮೆತ್ತೆಯಂತಹ ಸಸ್ಯವೂ ಒಂದೇ ಮನೆತನದವೆಂದರೆ ಕಂಡವರು ಸುಲಭವಾಗಿ ನಂಬಲಾರರು. ಇವುಗಳ ಮೂಲವನ್ನು ಡಿ.ಎನ್.ಎ. ನಿರ್ಣಯಿಸಿತೆಂದು ಒಂದೇ ಮಾತಿನಲ್ಲಿ ಹೇಳಿಬಿಡುವುದುಂಟು. ಇತಿಹಾಸದ ಅಭ್ಯಾಸಿಗಳಾದ ನಮಗೆ ಅಷ್ಟು ಸಾಲದು. ಸಾಕ್ಷಿ ಯಾರು, ಅವನು ಏನನ್ನು ಬಲ್ಲ, ಏನನ್ನು ಅರಿಯನೆಂದು ಕೇಳಲೇಬೇಕಾಗಿದೆ.

ಈ ಗಿಡಗಳು ಕ್ಯಾಲಿಫೋರ್ನಿಯದ ಟಾರ್‌ವೀಡ್‌ಗಳ ಬಂಧುಗಳೆಂದು ಶರ್ವಿನ್ ಕಾರ್ಲ್‌ಕ್ವಿಸ್ಟ್ 1959ರಲ್ಲಿಯೇ ಅಂಗರಚನೆಯ ಆಧಾರದಿಂದ ವಾದಿಸಿದ್ದರು. 1991ರಲ್ಲಿ ಬ್ರೂಸ್ ಬಾಲ್ಡ್‌ವಿನ್ ಮತ್ತು ಅವರ ಸಂಗಡಿಗರು ಕ್ಲೋರೊಪ್ಲಾಸ್ಟಿನ ಡಿ.ಎನ್.ಎ.ಯಿಂದ ಅದನ್ನು ಸ್ಥಾಪಿಸಿದರು. ಆದುದರಿಂದ ಹೊಸ ಸಾಕ್ಷ್ಯವು ಹಳೆಯದನ್ನು ತಳ್ಳಿಹಾಕಲಿಲ್ಲ. ಅದಕ್ಕೆ ಬೆಂಬಲವಾಗಿ ನಿಂತಿತು.

ಕ್ಲೋರೊಪ್ಲಾಸ್ಟ್ ಹೂಬಿಡುವ ಬಹುತೇಕ ಸಸ್ಯಗಳಲ್ಲಿ ತಾಯಿಯ ಕಡೆಯಿಂದ ಮಾತ್ರ ಬರುವಂತಹುದು. ಒಂದೇ ಶಾಖೆಯನ್ನು ಹಾಡಿ ಹೊಗಳಿ ಉಳಿದವರ ವಿಷಯದಲ್ಲಿ ಮೌನವಾಗಿರುವ ತಾಮ್ರಶಾಸನದ ವಂಶಾವಳಿಯನ್ನು ಓದಿದವರಿಗೆ ಈ ತೊಡಕು ಹೊಸದಲ್ಲ. 1999ರಲ್ಲಿ ಕೋಶಕೇಂದ್ರದ ಜೀನುಗಳನ್ನು ಪರೀಕ್ಷಿಸಿದಾಗಲೇ, ಈ ಬಳಗದ ಮೂಲಪುರುಷನು ಉತ್ತರ ಅಮೆರಿಕದ ಎರಡು ಟಾರ್‌ವೀಡ್ ವಂಶಗಳ ಸಂಕರದಿಂದ ಹುಟ್ಟಿದವನೆಂಬುದು ಸ್ಪಷ್ಟವಾಯಿತು. ತಾಯಿಯ ಕಡೆಯ ದಾಖಲೆಯೊಂದನ್ನೇ ನಂಬಿದ್ದರೆ ತಂದೆಯ ಕಡೆಯು ಕತ್ತಲೆಯಲ್ಲಿಯೇ ಉಳಿಯುತ್ತಿತ್ತು.

ಕಾಲನಿರ್ಣಯದಲ್ಲಿ ಬಾಲ್ಡ್‌ವಿನ್ ಮತ್ತು ಸ್ಯಾಂಡರ್ಸನ್ 1998ರಲ್ಲಿ ತೋರಿದ ಎಚ್ಚರ ಮೆಚ್ಚತಕ್ಕದ್ದು. ದ್ವೀಪದ ವಯಸ್ಸಿನಿಂದ ಗಿಡದ ವಯಸ್ಸನ್ನು ಅಳೆದು, ಬಳಿಕ ಅವೆರಡೂ ಹೊಂದುತ್ತವೆಂದು ಹಿಗ್ಗುವುದು ಚಕ್ರಕವಾದ ತರ್ಕ. ಅವರು ಹಾಗೆ ಮಾಡದೆ, ಸುಮಾರು 1.5 ಕೋಟಿ ವರ್ಷಗಳ ಹಿಂದೆ ಪಶ್ಚಿಮ ಅಮೆರಿಕದ ಬೇಸಗೆಗಳು ಒಣಗತೊಡಗಿದುದನ್ನು ಅಳತೆಗೆ ಹಿಡಿದರು. ಬಳಗದ ವಯಸ್ಸು ಹೆಚ್ಚೆಂದರೆ 52 ಲಕ್ಷ ವರ್ಷಗಳೆಂದು ಬಂದಿತು. ಇಂದಿನ ದೊಡ್ಡ ದ್ವೀಪಗಳಲ್ಲಿ ಹಳೆಯದಾದ ಕವಾಯಿಯ ವಯಸ್ಸೂ ಹೆಚ್ಚುಕಡಮೆ ಅಷ್ಟೇ. ಹವಾಮಾನದ ಆ ಆಧಾರವನ್ನು ಮುಂದೆ ತಿದ್ದಿದರೆ ಈ ಲೆಕ್ಕವನ್ನೂ ತಿದ್ದಬೇಕಾಗುವುದು, ನಿಜ.

ನಮ್ಮ ಆಕ್ಷೇಪವಿರುವುದು ವರ್ಗೀಕರಣದಲ್ಲಿ. ವಂಶದ ಸಾಕ್ಷ್ಯವನ್ನು ಮನ್ನಿಸಿ ಕ್ಯಾಲಿಫೋರ್ನಿಯದ ರೈಲಾರ್ಡಿಯಾಪ್ಸಿಸ್ ಕುಲವನ್ನು 1999ರಲ್ಲಿ ಒಡೆದರು. ಅದರ ಒಂದು ಪ್ರಭೇದಕ್ಕೆ ಕಾರ್ಲ್‌ಕ್ವಿಸ್ಟಿಯ ಎಂಬ ಹೊಸ ಕುಲವೇ ಆಯಿತು. (ಹಿರಿಯರಿಗೆ ಸಂದ ಈ ಗೌರವ ಉಚಿತವಾದುದೇ.) ದ್ವೀಪದಲ್ಲಾದರೋ, ಪರಸ್ಪರ ಸಂಕರಗೊಳ್ಳುವಷ್ಟು ಹತ್ತಿರದ ಗಿಡಗಳಿಗೆ ಮೂರು ಕುಲನಾಮಗಳು ಹಾಗೆಯೇ ಉಳಿದಿವೆ. ಅವನ್ನು ಉಳಿಸಿಕೊಂಡುದು ರೂಪಭೇದವೇ ಹೊರತು ಡಿ.ಎನ್.ಎ. ಅಲ್ಲವೆಂದು ನಮಗೆ ತೋರುತ್ತದೆ; ಹಾಗಿದ್ದಲ್ಲಿ ಅದನ್ನು ಬಾಯಿಬಿಟ್ಟು ಹೇಳುವುದು ಲೇಸು.