ಕರೆಗೆ ಇರುವ ಕಾಳಜಿ ಕಾಲೇಜು ಮೈದಾನಕ್ಕೆ ಯಾಕಿಲ್ಲ?

2020ರ ಜನವರಿ ಮೊದಲ ವಾರದಲ್ಲಿ ಮೂಡುಬಿದಿರೆಯ ಸ್ವರಾಜ್ ಮೈದಾನದಲ್ಲಿ ಅಖಿಲ ಭಾರತ ಅಂತರ ವಿಶ್ವವಿದ್ಯಾನಿಲಯ ಅಥ್ಲೆಟಿಕ್ ಕೂಟ ನಡೆಯಿತು. ದೇಶದ ಮೂಲೆಮೂಲೆಗಳಿಂದ ಬಂದ ಕ್ರೀಡಾಳುಗಳು ಅಲ್ಲಿನ ಸಿಂಥೆಟಿಕ್ ಟ್ರ್ಯಾಕ್ ಮೇಲೆ ಓಡಿದರು. ಸಮಗ್ರ ಪ್ರಶಸ್ತಿ ಮಂಗಳೂರು ವಿಶ್ವವಿದ್ಯಾನಿಲಯದ ಪಾಲಾಯಿತು. ತಿಂಗಳು ಕಳೆಯುವಷ್ಟರಲ್ಲಿ ಮಿಜಾರಿನ ಶ್ರೀನಿವಾಸ ಗೌಡರು ಐಕಳ ಕಂಬಳದಲ್ಲಿ 142.5 ಮೀಟರ್ ದೂರವನ್ನು 13.62 ಸೆಕೆಂಡಿನಲ್ಲಿ ಓಡಿದ ಸುದ್ದಿ ದೇಶವಿಡೀ ಹಬ್ಬಿತು. ಕೇಂದ್ರದ ಕ್ರೀಡಾ ಸಚಿವರೇ ಅವರನ್ನು ಪರೀಕ್ಷೆಗೆ ಕರೆದರು. ಅವರು ಹೋಗಲಿಲ್ಲ. ಅದೇ ತಿಂಗಳು ವೇಣೂರಿನ ಕಂಬಳದಲ್ಲಿ ನಿಶಾಂತ್ ಶೆಟ್ಟಿಯವರು 143 ಮೀಟರನ್ನು 13.61 ಸೆಕೆಂಡಿನಲ್ಲಿ ಮುಗಿಸಿದರೆಂದು ವರದಿಯಾಯಿತು.

ಕೋಣದ ಹಿಂದೆ ಓಡಿದ ವೇಗವನ್ನು ಟ್ರ್ಯಾಕಿನ ವೇಗಕ್ಕೆ ಹೋಲಿಸುವುದು ಸರಿಯೋ ತಪ್ಪೋ ಎಂಬ ಚರ್ಚೆ ಆಗ ಸಾಕಷ್ಟು ನಡೆದಿದೆ. ನಮ್ಮ ಪ್ರಶ್ನೆ ಬೇರೆ. ಓಟಗಾರರಿಗೆ ಕೊರತೆಯಿಲ್ಲದ ಈ ಸೀಮೆಯಲ್ಲಿ, ಹಳ್ಳಿಯ ಕಾಲೇಜುಗಳಿಗೆ ಹೋಗುವ ಹುಡುಗ ಹುಡುಗಿಯರಿಗೆ ಓಡಲು ನೆಲವನ್ನೂ ದಿನವನ್ನೂ ಯಾರು ಇಟ್ಟುಕೊಟ್ಟಿದ್ದಾರೆ?

ಮೂಡುಬಿದಿರೆಗೂ ವೇಣೂರಿಗೂ ದೂರವಲ್ಲದ ವಾಮದಪದವಿನಲ್ಲಿ ಮಂಗಳೂರು ವಿಶ್ವವಿದ್ಯಾನಿಲಯಕ್ಕೆ ಸೇರಿದ ಒಂದು ಸರಕಾರಿ ಪ್ರಥಮ ದರ್ಜೆ ಕಾಲೇಜಿದೆ. ಊರ ಹೆಸರಿನಲ್ಲೇ ಪದವು ಇದೆ. ಪದವೆಂದರೆ ತುಳುನಾಡಿನಲ್ಲಿ ಎತ್ತರದ ಬಯಲು. ಮುರಕಲ್ಲಿನ ನೆಲ, ಮೇಲೆ ತೆಳ್ಳನೆಯ ಮಣ್ಣು. ಮಳೆಗಾಲದಲ್ಲಿ ಹಸಿರಾಗಿ, ಫೆಬ್ರವರಿಗೆ ಕಲ್ಲಿನಂತಾಗುವ ಈ ನೆಲದಲ್ಲಿಯೇ ನಮ್ಮ ಎಷ್ಟೋ ಶಾಲೆ ಕಾಲೇಜುಗಳು ನಿಂತಿವೆ. ಇಲ್ಲಿ ನಾವು ಹೇಳಹೊರಟದ್ದು ಒಂದು ಕಾಲೇಜಿನ ದೂರು ಅಲ್ಲ. ಪದವಿನ ಮೇಲೆ ನಿಂತ ಎಲ್ಲ ಸಣ್ಣ ಕಾಲೇಜುಗಳ ಪಾಡು ಇದು.

1980ರಲ್ಲಿ ಹುಟ್ಟಿದ ಮಂಗಳೂರು ವಿಶ್ವವಿದ್ಯಾನಿಲಯ ದಕ್ಷಿಣ ಕನ್ನಡ, ಉಡುಪಿ, ಕೊಡಗುಗಳನ್ನು ಒಳಗೊಂಡಿತ್ತು. 2023ರಲ್ಲಿ ಕೊಡಗು ಬೇರೆಯಾಯಿತು. ಹಾಕಿಯ ನಾಡೇ ಕೈಬಿಟ್ಟು ಹೋಯಿತು. 2024ರಲ್ಲಿ ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜು ಸ್ವತಃ ವಿಶ್ವವಿದ್ಯಾನಿಲಯವಾಯಿತು. ಕೊಣಾಜೆಯ ಹಣದ ಮುಗ್ಗಟ್ಟು ಆಗಾಗ ಪತ್ರಿಕೆಗಳಲ್ಲಿ ಸುದ್ದಿಯಾಗಿದೆ. ಹೀಗೆ ಕಿರಿದಾಗುತ್ತಾ ಬಂದ ವಿಶ್ವವಿದ್ಯಾನಿಲಯಕ್ಕೆ ದೊಡ್ಡ ಸಂಸ್ಥೆಗಳಿಗಿಂತ ಸಣ್ಣ ಸರಕಾರಿ ಕಾಲೇಜುಗಳೇ ಮುಂದಿನ ಆಧಾರ. ಆದರೆ ಅದರ ಕ್ರೀಡೆಯ ಲೆಕ್ಕ ಇಂದಿಗೂ ಪ್ರಶಸ್ತಿಗಳಲ್ಲೇ ನಡೆಯುತ್ತದೆ. ಆಳ್ವಾಸ್‌ನಂತಹ ಸಂಸ್ಥೆ ಕ್ರೀಡಾಳುಗಳನ್ನು ದತ್ತು ಪಡೆದು ಊಟ, ವಸತಿ, ತರಬೇತಿ ಕೊಡುತ್ತದೆ. ಹೊರರಾಜ್ಯಗಳ ಬಡ ಮಕ್ಕಳಿಗೂ ಅದರಿಂದ ದಾರಿಯಾಗಿದೆ. ಅದನ್ನು ಆಕ್ಷೇಪಿಸುವವರು ನಾವಲ್ಲ. ಒಂದು ಸಂಸ್ಥೆಯ ಶ್ರಮದಿಂದ ಬಂದ ಕಪ್ಪನ್ನು ಎತ್ತಿ ಹಿಡಿದು, ಉಳಿದ ಕಾಲೇಜುಗಳ ಮೈದಾನವನ್ನು ಯಾರೂ ನೋಡದಿರುವುದೇ ನಮ್ಮ ಆಕ್ಷೇಪ.

ಮೊದಲು ದಿನಾಂಕದ ವಿಷಯ ನೋಡೋಣ. ದಿಲ್ಲಿಯ ಭಾರತೀಯ ವಿಶ್ವವಿದ್ಯಾನಿಲಯಗಳ ಸಂಘ ವರ್ಷದ ಕೂಟಗಳ ದಿನ ನಿಗದಿ ಮಾಡುತ್ತದೆ. ಅದಕ್ಕೆ ಮೊದಲು ಪ್ರತಿಯೊಂದು ವಿಶ್ವವಿದ್ಯಾನಿಲಯ ತನ್ನ ತಂಡವನ್ನು ಆರಿಸಬೇಕು. ತಂಡ ಆರಿಸಲು ಅಂತರ ಕಾಲೇಜು ಪಂದ್ಯಾಟ ನಡೆಯಬೇಕು. ಅದನ್ನು ಯಾವುದಾದರೊಂದು ಕಾಲೇಜು ವಹಿಸಿಕೊಳ್ಳಬೇಕು. ಇದರ ನಡುವೆ ಸೆಮಿಸ್ಟರ್ ಪರೀಕ್ಷೆ ಬರುತ್ತದೆ. ಕೋವಿಡ್ ಬಂದು ಆ ಲೆಕ್ಕ ತಪ್ಪಿತು. 2021-22ರಲ್ಲಿ ನಾಲ್ಕು ವರ್ಷದ ಪದವಿ ಬಂತು, 2024-25ರಲ್ಲಿ ಮತ್ತೆ ಮೂರು ವರ್ಷಕ್ಕೆ ಮರಳಿತು. ಇವೆಲ್ಲದರ ಭಾರ ಕೊನೆಗೆ ಬೀಳುವುದು ಒಂದು ಸುತ್ತೋಲೆಯ ಮೇಲೆ. ಅದು ಕಾಲೇಜಿಗೆ ಮುಟ್ಟುವಾಗ ಪಂದ್ಯಾಟಕ್ಕೆ ನಾಲ್ಕೈದು ದಿನ ಮಾತ್ರ ಉಳಿದಿರುವುದುಂಟು.

ತಡವಾದ ಸುತ್ತೋಲೆ ಎಲ್ಲರಿಗೂ ಒಂದೇ ರೀತಿ ತೊಂದರೆ ಕೊಡುವುದಿಲ್ಲ ಎಂಬುದನ್ನು ಗಮನಿಸಬೇಕು. ಟ್ರ್ಯಾಕಿನ ಪಕ್ಕದ ಹಾಸ್ಟೆಲಿನಲ್ಲಿದ್ದು ದಿನಾ ಅಭ್ಯಾಸ ಮಾಡುವವನಿಗೆ ನಾಳೆಯೇ ಕೂಟವಿದ್ದರೂ ಚಿಂತೆಯಿಲ್ಲ. ರಾತ್ರಿ ಕ್ಯಾಟರಿಂಗ್ ಕೆಲಸಕ್ಕೆ ಹೋಗಿ ಫೀಸು ಕಟ್ಟುವ ಹುಡುಗ ಮೊದಲೇ ಒಪ್ಪಿಕೊಂಡ ಮದುವೆಯ ಕೆಲಸವನ್ನು ಬಿಡಲಾರ. ಹೆಣ್ಮಕ್ಕಳ ಕತೆ ಇನ್ನೂ ಬೇರೆ. ಒಬ್ಬ ಬ್ಯಾರಿ ಹುಡುಗಿ ಖೋಖೋ ತಂಡಕ್ಕೆ ಆಯ್ಕೆಯಾದಳೆನ್ನಿ. ತಿಂಗಳ ಮೊದಲೇ ದಿನ, ಸ್ಥಳ, ಜೊತೆಗೆ ಬರುವ ಅಧ್ಯಾಪಕಿಯ ಹೆಸರು, ಮರಳುವ ಹೊತ್ತು ಎಲ್ಲ ಗೊತ್ತಿದ್ದರೆ ಅವಳು ಉಮ್ಮನನ್ನು ಒಪ್ಪಿಸುತ್ತಾಳೆ, ಉಮ್ಮ ಬಾಪನನ್ನು ಒಪ್ಪಿಸುತ್ತಾಳೆ. ಹಿಂದಿನ ದಿನ ಸಂಜೆ ಕೇಳಿದರೆ ಮನೆಯ ಉತ್ತರ ‘ಬೇಡ’ ಎಂದೇ. ಬೆಳ್ತಂಗಡಿಯ ಒಳಹಳ್ಳಿಯ ರೈತನ ಮನೆಯಲ್ಲೂ ಉತ್ತರ ಅದೇ. ಮಗ್ರಿಬ್ ಬಾಂಗಿನ ಹೊತ್ತಿಗೆ ಮಗಳು ಮನೆಯಲ್ಲಿರಬೇಕೆಂಬ ತಂದೆಗೂ ದೀಪ ಹಚ್ಚುವ ಹೊತ್ತಿಗೆ ಇರಬೇಕೆಂಬ ತಂದೆಗೂ ಕೊನೆಯ ಬಸ್ಸು ಒಂದೇ. ‘ನಮ್ಮ ಹೆಣ್ಮಕ್ಕಳಿಗೆ ಆಸಕ್ತಿಯಿಲ್ಲ’ ಎಂದು ವೇದಿಕೆಯಲ್ಲಿ ಹೇಳುವವರು ಆ ಹುಡುಗಿಯ ಕೈಗೆ ದಿನಾಂಕ ಯಾವಾಗ ಸಿಕ್ಕಿತೆಂದು ಮೊದಲು ಕೇಳಬೇಕು. ತಂಡವನ್ನು ಆಯ್ಕೆ ಸಮಿತಿಗಿಂತ ಮೊದಲು ಸುತ್ತೋಲೆಯೇ ಆರಿಸಿಬಿಡುತ್ತದೆ.

ಮುಂದಾಗಿ ಯೋಚಿಸಬೇಕಾದ ಇನ್ನೊಂದು ಸಂಗತಿಯಿದೆ. ಚಾಂದ್ರಮಾನ ವರ್ಷ ಚಿಕ್ಕದಾದುದರಿಂದ ರಮಝಾನ್ ಪ್ರತಿ ವರ್ಷ ಹತ್ತು ಹನ್ನೊಂದು ದಿನ ಮುಂಚಿತವಾಗಿ ಬರುತ್ತದೆ. 2028ರಲ್ಲಿ ಅದು ಜನವರಿ ಕೊನೆಗೆ ಆರಂಭವಾಗಲಿದೆ. 2030ರಲ್ಲಿ ಜನವರಿ ಮೊದಲ ವಾರ ಒಂದು, ಡಿಸೆಂಬರ್ ಕೊನೆಗೆ ಇನ್ನೊಂದು, ಹೀಗೆ ಎರಡು ಸಲ. ನಮ್ಮ ಕ್ರೀಡಾಕೂಟಗಳು ನಡೆಯುವುದೂ ಆ ತಿಂಗಳುಗಳಲ್ಲೇ. 2012ರ ಲಂಡನ್ ಒಲಿಂಪಿಕ್ಸ್ ರಮಝಾನಿನ ದಿನಗಳಲ್ಲೇ ನಡೆಯಿತು. ಪ್ರಯಾಣಿಕರಿಗಿರುವ ರಿಯಾಯಿತಿಯಂತೆ ಉಪವಾಸ ಮುಂದೂಡಿ ಓಡಿದವರೂ ಇದ್ದರು, ಉಪವಾಸವಿದ್ದೇ ಆಡಿದವರೂ ಇದ್ದರು. ಒಬ್ಬರಿಗಾಗಿ ಇಡೀ ಕೂಟ ನಿಲ್ಲಿಸಿ ಎಂದು ಯಾರೂ ಕೇಳುತ್ತಿಲ್ಲ. ದೀರ್ಘ ಓಟವನ್ನು ಬೆಳಗ್ಗಿನ ತಂಪಿಗೆ ಇಡುವುದು, ಶುಕ್ರವಾರ ಜುಮಾದ ಹೊತ್ತಿಗೆ ಸೆಮಿಫೈನಲ್ ಹಾಕದಿರುವುದು, ಚೌತಿ ದೀಪಾವಳಿಗಳ ಮರುದಿನ ಪಂದ್ಯ ಇಡದಿರುವುದು ಕ್ಯಾಲೆಂಡರ್ ಎದುರಿಗಿಟ್ಟುಕೊಂಡರೆ ಹತ್ತು ನಿಮಿಷದ ಕೆಲಸ.

ಇನ್ನು ನೆಲದ ಮಾತು. ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ. ಅದರ ದೊಡ್ಡ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಮುಗಿಯುತ್ತದೆ. ಕಾಲೇಜಿನ ವರ್ಷ ತೊಡಗುವುದೂ ಹೆಚ್ಚುಕಡಿಮೆ ಆಗಲೇ. ಗುಡ್ಡ ಕಡಿದು ಸಮತಟ್ಟು ಮಾಡಿದ ಮೈದಾನದಲ್ಲಿ ಮೇಲಿನ ನೀರು ಹರಿದುಹೋಗಲು ಚರಂಡಿ ಇಲ್ಲದಿದ್ದರೆ ಒಂದೇ ಮಳೆಗಾಲದಲ್ಲಿ ಮಣ್ಣು ಕೊಚ್ಚಿಹೋಗಿ ಮುರಕಲ್ಲಿನ ಮೊನೆಗಳು ಏಳುತ್ತವೆ. ಅಕ್ಟೋಬರಿನಲ್ಲಿ ಅದನ್ನು ಸರಿಪಡಿಸುವವರಿಲ್ಲ. ಡಿಸೆಂಬರಿನಲ್ಲಿ ವಾರ್ಷಿಕ ಕ್ರೀಡಾಕೂಟಕ್ಕೆ ಅತಿಥಿಗಳು ಬರುತ್ತಾರೆಂದಾಗ ಜೆಸಿಬಿ ಬರುತ್ತದೆ, ಸುಣ್ಣದ ಗೆರೆ ಬೀಳುತ್ತದೆ, ಫೋಟೋ ಬರುತ್ತದೆ. ಉರೂಸಿನ ಮುನ್ನಾ ದಿನ ಸುಣ್ಣ ಕಂಡು ವರ್ಷವಿಡೀ ಪಾಚಿಗಟ್ಟುವ ಗೋಡೆಯಂತೆ ನಮ್ಮ ಮೈದಾನಗಳು.

ಉಳಿದ ದಿನಗಳಲ್ಲಿ ಮೈದಾನ ಊರಿನದ್ದಾಗುತ್ತದೆ. ಜಾತ್ರೆಗೆ ವಾಹನ ನಿಲ್ಲಿಸಲು, ಯಕ್ಷಗಾನಕ್ಕೆ, ಧಾರ್ಮಿಕ ಸಮ್ಮೇಳನಕ್ಕೆ, ಹೊನಲು ಬೆಳಕಿನ ಕಬಡ್ಡಿಗೆ ಎಲ್ಲರಿಗೂ ಅದೇ ಬೇಕು. ಊರಿನ ಬಯಲು ಊರಿಗೆ ಸಿಗಬೇಕು, ನಿಜ. ಆದರೆ ಶಾಮಿಯಾನದ ಗೂಟ ಕಿತ್ತ ಗುಂಡಿಯನ್ನು ಮುಚ್ಚಿ ಹೋಗುವವರು ಕಡಿಮೆ. ಬೆಳಗ್ಗೆ ಓಡಲು ಬಂದ ಹುಡುಗಿಯ ಪಾದ ಆ ಗುಂಡಿಗೆ ಬಿದ್ದರೆ ಆ ವರ್ಷದ ಅವಳ ಕ್ರೀಡೆ ಮುಗಿದಂತೆ. ಈ ವಿಷಯದಲ್ಲಿ ನಮ್ಮ ಜಮಾಅತಿನ ಯುವಕರೂ ನೆರೆಯ ಯುವಕ ಮಂಡಲದವರೂ ಒಂದೇ ತಕ್ಕಡಿಯಲ್ಲಿದ್ದಾರೆ.

ದುಡ್ಡು ಬಂದರೆ ಎಲ್ಲ ಸರಿಹೋಗುತ್ತದೆಂದು ನಂಬುವವರು ಬೆಂಗಳೂರಿನ ಕಂಠೀರವ ಕ್ರೀಡಾಂಗಣವನ್ನು ನೆನಪಿಸಿಕೊಳ್ಳಬೇಕು. ರಾಜಧಾನಿಯ ನಡುವಿನ ಆ ಸಿಂಥೆಟಿಕ್ ಟ್ರ್ಯಾಕ್ ಸವೆದು ಹರಿದು ಕ್ರೀಡಾಳುಗಳು ಗೋಳಿಟ್ಟ ಮೇಲೆ ಹೊಸದಾಗಿ ಹಾಸಬೇಕಾಯಿತು. 2022ರ ಖೇಲೋ ಇಂಡಿಯಾ ವಿಶ್ವವಿದ್ಯಾನಿಲಯ ಕೂಟದ ಓಟಗಳು ನಡೆದದ್ದು ಆ ಹೊಸ ಹಾಸಿನ ಮೇಲೆ. ಕೋಟಿ ಸುರಿದ ನೆಲಕ್ಕೂ ನಿತ್ಯ ನೋಡುವ ಕಣ್ಣು ಬೇಕೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಹಾಗಾದರೆ ನೆಲ ನೋಡಿಕೊಳ್ಳುವ ವಿದ್ಯೆ ನಮ್ಮಲ್ಲಿಲ್ಲವೇ? ಕಂಬಳದ ಕರೆಯನ್ನು ನೋಡಿ. ಋತು ತೊಡಗುವ ಮೊದಲೇ ಯಾವ ಶನಿವಾರ ಯಾವ ಊರಿನ ಕಂಬಳ ಎಂಬ ಪಟ್ಟಿಯನ್ನು ಸಮಿತಿ ಹೊರಡಿಸುತ್ತದೆ. ಕೋಣ ಸಾಕುವವರೂ ಓಡಿಸುವವರೂ ಅದಕ್ಕೆ ತಕ್ಕಂತೆ ತಯಾರಾಗುತ್ತಾರೆ. ಕರೆಯನ್ನು ಉತ್ತು, ಕಲ್ಲು ಹೆಕ್ಕಿ, ಕೆಸರು ಹದಮಾಡಿ, ನೀರು ಕಟ್ಟುತ್ತಾರೆ. ಯಾವ ಕೆಲಸ ಯಾರದ್ದೆಂದು ಊರಿಗೆ ಗೊತ್ತು. ದಿನಾಂಕ ಮೊದಲೇ ಗೊತ್ತಿರುವುದರಿಂದ ನೆಲ ತಯಾರಾಗುತ್ತದೆ. ಕಾಲೇಜಿನಲ್ಲಿ ಎರಡೂ ತಪ್ಪಿದೆ: ದಿನ ಗೊತ್ತಿಲ್ಲ, ಆದ್ದರಿಂದ ನೆಲ ತಯಾರಿಲ್ಲ, ನೆಲ ತಯಾರಿಲ್ಲ, ಆದ್ದರಿಂದ ದಿನ ಮುಂದೆ ಹೋಗುತ್ತದೆ.

ಸಣ್ಣ ಕಾಲೇಜುಗಳಿಗೆ ನಾವು ಕೇಳುವುದು ಸಿಂಥೆಟಿಕ್ ಟ್ರ್ಯಾಕನ್ನಲ್ಲ. 400 ಮೀಟರಿನ ಪೂರ್ಣ ಟ್ರ್ಯಾಕಿಗೆ ಸುಮಾರು 177 ಮೀಟರ್ ಉದ್ದ, 93 ಮೀಟರ್ ಅಗಲದ ಸಮತಟ್ಟು ಜಾಗ ಬೇಕು. ಪದವಿನಲ್ಲಿ ಅದು ಎಲ್ಲರಿಗೂ ದಕ್ಕುವುದಿಲ್ಲ. ಆದರೆ ಒಂದು ಓಟದ ಪಥದ ಅಗಲ 1.22 ಮೀಟರ್. ಆರು ಪಥಗಳಿಗೆ ಎಂಟು ಮೀಟರ್ ಸಾಕು. ನೂರು ಮೀಟರ್ ಓಟ, ಓಡಿ ನಿಲ್ಲಲು ಒಂದಿಷ್ಟು ಜಾಗ ಸೇರಿ 130 ಮೀಟರ್ ಉದ್ದ. ನೀರು ಹರಿಯಲು ಅಡ್ಡಕ್ಕೆ ನೂರು ಮೀಟರಿಗೆ ಒಂದು ಮೀಟರ್ ಲೆಕ್ಕದ ಇಳಿಜಾರು, ಮೇಲ್ಬದಿಗೆ ಒಂದು ಚರಂಡಿ. ಮೇ ತಿಂಗಳಲ್ಲಿ ಚರಂಡಿ ಬಿಡಿಸಿ, ಅಕ್ಟೋಬರಿನಲ್ಲಿ ಮಣ್ಣು ಹಾಕಿ ರೋಲರ್ ಎಳೆದರೆ ವರ್ಷ ನಡೆಯುತ್ತದೆ. ಇದರ ಹೊಣೆ ಒಬ್ಬರ ಹೆಸರಿನಲ್ಲಿ ಬರೆದಿರಲಿ, ಬಯಲನ್ನು ಬಳಸುವ ಸಂಘಗಳು ಗುಂಡಿ ಮುಚ್ಚುವ ಷರತ್ತಿಗೆ ಸಹಿ ಹಾಕಲಿ. ವಿಶ್ವವಿದ್ಯಾನಿಲಯ ವರ್ಷದ ಪಂದ್ಯಾಟಗಳ ಪಟ್ಟಿಯನ್ನು ಕಾಲೇಜು ತೊಡಗುವ ದಿನವೇ ನೋಟಿಸ್ ಬೋರ್ಡಿಗೆ ಮುಟ್ಟಿಸಲಿ.

ಎಂಟು ಮೀಟರ್ ಅಗಲ, 130 ಮೀಟರ್ ಉದ್ದವೆಂದರೆ ಹೆಚ್ಚುಕಡಿಮೆ ಕಂಬಳದ ಒಂದು ಕರೆಯಷ್ಟು ಜಾಗ. ಕೋಣಗಳಿಗೆ ಅಷ್ಟು ಜಾಗವನ್ನು ಅಷ್ಟು ಚೆನ್ನಾಗಿ ಇಟ್ಟುಕೊಂಡಿರುವ ನಾಡು ತನ್ನ ಮಕ್ಕಳಿಗೂ ಅದನ್ನು ಇಟ್ಟುಕೊಡಬಲ್ಲುದು.