ಲ್ಯಾಂಬೋರ್ಗಿನಿ ಕಾರಿನ ಚಂದ ಹೆಂಗೆ ಹಳತಾಯ್ತು

ನಮ್ಮನೆ ನಡುಮನೆ ಗೋಡೆಯಲ್ಲಿ ಮಾದಪ್ಪನ ಪಟ ಇದೆ, ನಮ್ಮಪ್ಪನ ಫೋಟೋ ಇದೆ, ಅದರ ಪಕ್ಕಕ್ಕೆ ಒಂದು ಕೆಂಪು ಕಾರಿನ ಚಿತ್ರ ಇದೆ. ಕಾರು ಅಂಟಿಸಿದವನು ನನ್ನ ಮೊಮ್ಮಗ. ಅವರಪ್ಪ ಕೊಯಮತ್ತೂರಿನಲ್ಲಿ ಕಾರು ಟಿಂಕರಿಂಗ್ ಕೆಲಸ ಮಾಡ್ತಾನೆ. ಊರಿಗೆ ಬರುವಾಗ ಕಾರಿನ ಚಿತ್ರ ಇರೋ ಇಂಗ್ಲಿಷ್ ಪುಸ್ತಕ, ಕ್ಯಾಲೆಂಡರು ತರ್ತಾನೆ. ಹುಡುಗ ಅದನ್ನ ಓದಿ ನನಗೆ ಹೇಳ್ತಾನೆ. ನಾನು ಏಳನೇ ಕ್ಲಾಸಿನವರೆಗೆ ಓದಿದವನು, ಇಂಗ್ಲಿಷ್ ಬರೋದಿಲ್ಲ. ಆದರೆ ಕಣ್ಣು ಇದೆ, ಟ್ರ್ಯಾಕ್ಟರ್ ಓಡಿಸಿದ ಕೈ ಇದೆ. ಐವತ್ತು ವರ್ಷ ಕಂಸಾಳೆ ಹಿಡಿದು ಹಾಡಿದವನಿಗೆ ಯಾವುದು ಹಳತಾಗ್ತದೆ, ಯಾವುದು ಆಗೋದಿಲ್ಲ ಅನ್ನೋದರ ಮೇಲೆ ಒಂದೆರಡು ಮಾತಾಡೋ ಹಕ್ಕೂ ಇರಬಹುದು.

ಈ ಕಾರು ಮಾಡಿದ ಫೆರುಚಿಯೋ ಲ್ಯಾಂಬೋರ್ಗಿನಿ ಇಟಲಿ ದೇಶದ ರೈತನ ಮಗ, 1916ರಲ್ಲಿ ಹುಟ್ಟಿದವನು. ಎರಡನೇ ಮಹಾಯುದ್ಧ ಮುಗಿದ ಮೇಲೆ ಮಿಲಿಟರಿಯವರು ಬಿಟ್ಟುಹೋದ ವಾಹನಗಳ ಸಾಮಾನು ಇಟ್ಟುಕೊಂಡು ಟ್ರ್ಯಾಕ್ಟರ್ ಮಾಡೋಕೆ ಶುರುಮಾಡಿದ. 1948ರಲ್ಲಿ ಟ್ರ್ಯಾಕ್ಟರ್ ಕಂಪನಿ, 1963ರಲ್ಲಿ ಕಾರಿನ ಕಂಪನಿ. ಫೆರಾರಿ ಕಾರಿನ ಕ್ಲಚ್ ಸರಿಯಿಲ್ಲ ಅಂತ ಹೇಳೋಕೆ ಹೋಗಿ ಬೈಸಿಕೊಂಡು, ಅದೇ ಸಿಟ್ಟಿಗೆ ತಾನೇ ಕಾರು ಮಾಡಿದ ಅಂತ ಒಂದು ಕಥೆ ಇದೆ. ನಾನೂ ಕಥೆ ಹೇಳೋ ಕಸುಬಿನವನೇ ಆದ್ದರಿಂದ ಅದನ್ನ ಪೂರ್ತಿ ನಂಬೋದಿಲ್ಲ. ಟ್ರ್ಯಾಕ್ಟರ್ ಭಾಗವನ್ನ ಆಮೇಲೆ ಮಾರಿಬಿಟ್ಟ. ಅದನ್ನ ತಗೊಂಡ ಗುಂಪಿನವರ ಒಂದು ಕಾರ್ಖಾನೆ ಈಗ ನಮ್ಮ ತಮಿಳುನಾಡಿನ ರಾಣಿಪೇಟೆಯಲ್ಲೇ ಇದೆ ಅಂತ ತಿಳಿದಾಗ ನನಗೆ ಕಾರು ಸ್ವಲ್ಪ ನಮ್ಮ ಕಡೇದು ಅನ್ನಿಸ್ತು.

ಪುಸ್ತಕ ನೋಡ್ತಾ ನೋಡ್ತಾ ನನಗೆ ಒಂದು ಯೋಚನೆ ಬಂತು. ಆರು ಕಾರಿನ ಚಿತ್ರ ಕತ್ತರಿಸಿ, ಹೆಸರು ಇಸವಿ ಇಲ್ಲದಂಗೆ ರಟ್ಟಿಗೆ ಅಂಟಿಸಿದೆ. ವಾಚನಾಲಯದ ಜಗಲಿ ಮೇಲೆ ಇಟ್ಟು ಬಂದವರಿಗೆಲ್ಲ ಕೇಳಿದೆ: ಇದರಲ್ಲಿ ಯಾವುದು ಹಳೇದು, ಯಾವುದು ಹೊಸದು, ಸಾಲಾಗಿ ಜೋಡಿಸಿ. ಕೋಸು ಲೋಡು ಮಾಡಿ ಬಂದ ಹುಡುಗರು ಜೋಡಿಸಿದರು, ಮೇಷ್ಟ್ರು ಜೋಡಿಸಿದರು, ನನ್ನ ಅತ್ತಿಗೆ ಎಲೆಅಡಿಕೆ ಹಾಕಿಕೊಂಡೇ ಜೋಡಿಸಿದಳು.

ಚಿತ್ರಗಳು ಇವು. 1964ರ ಪೋರ್ಷೆ 911. 1966ರ ಲ್ಯಾಂಬೋರ್ಗಿನಿ ಮಿಯುರಾ. 1974ರ ಲ್ಯಾಂಬೋರ್ಗಿನಿ ಕೂಂಟಾಶ್. 1984ರ ಫೆರಾರಿ ಟೆಸ್ಟರೋಸಾ. ಅದೇ ಕೂಂಟಾಶ್ 1988ರಲ್ಲಿ ಆದ ಬಗೆ. ಮತ್ತೆ 1998ರ ಪೋರ್ಷೆ.

ಹಳೇ ಪೋರ್ಷೆ ಹಳೇದು ಅಂತ ಎಲ್ಲರೂ ಹೇಳಿದರು. ಹೊಳೆಯೋ ಬಂಪರು, ಸಣ್ಣ ಟೈರು ನೋಡಿದರೆ ಯಾರಿಗಾದರೂ ಗೊತ್ತಾಗ್ತದೆ. ಮಿಯುರಾ ವಿಷಯದಲ್ಲಿ ಒಮ್ಮತ ಬರಲಿಲ್ಲ. ತಮಾಷೆ ಆಗಿದ್ದು ಎರಡು ಕೂಂಟಾಶ್ ಬಂದಾಗ. ಹೆಚ್ಚಿನವರು 1974ರದ್ದನ್ನ ತೀರಾ ಹೊಸದು ಅಂತ ಕೊನೆಗೆ ಇಟ್ಟರು. ಹದಿನಾಲ್ಕು ವರ್ಷ ಚಿಕ್ಕದಾದ 1988ರದ್ದನ್ನ ಅದಕ್ಕಿಂತ ಹಳೇದು ಅಂದರು. ಅತ್ತಿಗೆ ಅದನ್ನ ಬೆರಳಲ್ಲಿ ಕುಟ್ಟಿ, “ಇದಕ್ಕ್ಯಾಕ್ಲಾ ಇಷ್ಟೊಂದು ಪಟ್ಟಿ ಬಡಿದವ್ರೆ? ನಮ್ಮ ಕಾಲದ ರೇಡಿಯೋ ಇದ್ದಂಗದೆ” ಅಂದಳು.

ಮೇಷ್ಟ್ರು ಒಂದು ತಕರಾರು ತೆಗೆದರು. ಚಿತ್ರದ ಬಣ್ಣ, ಕಾಗದದ ಹೊಳಪು ನೋಡಿ ಜನ ಹೇಳಿರಬಹುದು, ಇದು ಸರಿಯಾದ ಪರೀಕ್ಷೆ ಅಲ್ಲ ಅಂದರು. ಒಪ್ತೀನಿ. ಇನ್ನೊಂದು ಮಾತೂ ಅಂದರು: “ಮನುಷ್ಯನಿಗೆ ತನ್ನ ವಯಸ್ಸಿನ ಕಾಲದ್ದೇ ಚಂದ ಕಾಣೋದು, ನೀವು ಹುಡುಗರಾಗಿದ್ದಾಗಿನ ಕಾರು ನಿಮಗೆ ಚಂದ, ಅಷ್ಟೇ.” ಇದನ್ನ ಒಪ್ಪೋದಿಲ್ಲ. 1974ರಲ್ಲಿ ನಮ್ಮೂರಿಗೆ ಬರ್ತಿದ್ದ ವಾಹನ ಅಂದರೆ ಬಸ್ಸು ಮತ್ತೆ ಬಿದಿರು ಲಾರಿ. ಕೂಂಟಾಶನ್ನ ನಾನು ನೋಡಿದ್ದೇ ಹೋದ ವರ್ಷ. ಕೋಸು ಹೊತ್ತ ಹುಡುಗರಿಗಂತೂ 1974ಕ್ಕೂ 1988ಕ್ಕೂ ವ್ಯತ್ಯಾಸವೇ ಇಲ್ಲ, ಎರಡೂ ಅವರು ಹುಟ್ಟೋಕೆ ಮುಂಚೆ.

ಹಂಗಾದರೆ ಏನಾಯ್ತು ಆ ಹದಿನಾಲ್ಕು ವರ್ಷದಲ್ಲಿ? ಕಾರನ್ನ ಬರೆದವನು ಮಾರ್ಚೆಲ್ಲೋ ಗಾಂದಿನಿ ಅನ್ನೋನು, ಟ್ಯೂರಿನ್ ಕಡೆಯ ಬೆರ್ಟೋನೆ ಕಂಪನಿಯಲ್ಲಿದ್ದ. ಮಿಯುರಾ ಬರೆದಾಗ ಅವನಿಗೆ ಮೂವತ್ತೂ ತುಂಬಿರಲಿಲ್ಲ. ಮಿಯುರಾ ಅನ್ನೋದು ಸ್ಪೇನ್ ದೇಶದಲ್ಲಿ ಕಾಳಗದ ಹೋರಿ ಸಾಕೋ ಮನೆತನದ ಹೆಸರು. ಹನ್ನೆರಡು ಸಿಲಿಂಡರಿನ ಇಂಜಿನನ್ನ ಸೀಟಿನ ಹಿಂದೆ ಅಡ್ಡಕ್ಕೆ ಕೂರಿಸಿದ್ದರು. ಮೈ ಎಲ್ಲ ತಿದ್ದಿದ ಹೋರಿಯ ಹಿಣಿಲಿನಂಗೆ ಗುಂಡುಗುಂಡಾಗಿ ಇಳಿದು ಬರ್ತದೆ. ಅದಾದ ಐದೇ ವರ್ಷಕ್ಕೆ, 1971ರಲ್ಲಿ, ಜಿನೀವಾ ಪ್ರದರ್ಶನಕ್ಕೆ ಅದೇ ಮನುಷ್ಯ ಕೂಂಟಾಶ್ ತಂದ. ಅದರಲ್ಲಿ ಒಂದು ಗುಂಡನೆ ಗೆರೆ ಇಲ್ಲ. ಮೂತಿಯಿಂದ ಹೊರಟ ಗೆರೆ ಗಾಜು ಹತ್ತಿ ನೆತ್ತಿಗೆ ಹೋಗಿ, ಅಲ್ಲಿಂದ ಹಿಂದಕ್ಕೆ ಇಳೀತದೆ, ಕುಡುಗೋಲು ಬೀಸಿದಂಗೆ ಒಂದೇ ಬೀಸು. ಎತ್ತರ 107 ಸೆಂಟಿಮೀಟರು, ಅಂದರೆ ನಿಂತವನ ಸೊಂಟದ ಮಟ್ಟ. ಬಾಗಿಲು ಪಕ್ಕಕ್ಕೆ ತೆಗೆಯೋದಿಲ್ಲ, ಮೇಲಕ್ಕೆ ಏಳ್ತದೆ. ಕೂಂಟಾಶ್ ಅನ್ನೋದು ಆ ಸೀಮೆಯ ಹಳ್ಳಿ ಭಾಷೆಯಲ್ಲಿ ಬೆರಗಾದಾಗ ಬಾಯಿಗೆ ಬರೋ ಮಾತಂತೆ. ನಾವು ಅಬ್ಬಬ್ಬಾ ಅನ್ನೋದಿಲ್ಲವೇ, ಹಂಗೆ.

ಆ ಮೊದಲ ಕಾರು ಮಾರಾಟಕ್ಕೆ ಬರೋ ಹೊತ್ತಿಗೆ ಮೂರು ವರ್ಷ ಆಯ್ತು. ಇಂಜಿನ್ ವಿಪರೀತ ಕಾಯ್ತಿತ್ತು. ಗಾಳಿ ಸಾಲದು ಅಂತ ಹೆಗಲ ಮೇಲೆ ಎರಡು ಪೆಟ್ಟಿಗೆ ಇಟ್ಟರು, ಬಾಗಿಲಿಗೆ ಮುಟ್ಟೋ ಹಂಗೆ ಪಕ್ಕದಲ್ಲಿ ಚೂಪಾದ ತೂತು ಕೊರೆದರು. ನೋಡಿ, ಇದೂ ಆಮೇಲೆ ಸೇರಿಸಿದ್ದೇ. ಆದರೆ ಇದು ಹಳತಾಗಿಲ್ಲ. ನಮ್ಮ ಜಗಲಿ ಪರೀಕ್ಷೆಯಲ್ಲಿ ಒಬ್ಬರೂ ಆ ತೂತಿನ ಬಗ್ಗೆ ಕೊಂಕು ತೆಗೆಯಲಿಲ್ಲ. ಇಂಜಿನ್ ಕೇಳಿದ್ದಕ್ಕೆ ಕೊಟ್ಟಿದ್ದು ಅದು. ಎತ್ತಿಗೆ ಲಾಳ ಹೊಡೆದಂಗೆ.

1978ರಲ್ಲಿ ಟೈರು ದಪ್ಪ ಮಾಡಿದರು. ಹಿಂದಿನ ಟೈರು ಮೊದಲು 215 ಮಿಲಿಮೀಟರು ಅಗಲ ಇದ್ದದ್ದು 345ಕ್ಕೆ ಹೋಯ್ತು. ಟೈರು ಆಚೆ ಬಂದ ಮೇಲೆ ಅದನ್ನ ಮುಚ್ಚೋಕೆ ಚಕ್ರದ ಮೇಲೆ ದಪ್ಪ ಅಂಚು ಬಂತು. ಇದನ್ನ ಅರ್ಧಕ್ಕೆ ಒಪ್ಪಬಹುದು. ಹಿಂದೆಯೇ ರೆಕ್ಕೆ ಬಂತು. ಕಾರಿನ ಹಿಂಬದಿಗೆ ಕಟ್ಟೋ ದೊಡ್ಡ ರೆಕ್ಕೆ, ಬೇಕಾದವರು ಕೇಳಿ ಹಾಕಿಸಿಕೊಳ್ಳೋದು. ಕೊಂಡವರಲ್ಲಿ ಬಹಳ ಜನ ಕೇಳಿದರು. ಅದರಿಂದ ಕಾರಿನ ವೇಗ ಕಡಿಮೆ ಆಗ್ತಿತ್ತು! ಮೊಮ್ಮಗ ಇದನ್ನ ಓದಿ ಹೇಳಿದಾಗ ನನಗೆ ನಗು ತಡೆಯೋಕಾಗಲಿಲ್ಲ. ನಮ್ಮ ಕಡೆ ಟ್ರ್ಯಾಕ್ಟರ್‌ಗೆ ಹದಿನಾರು ಹಾರನ್ನು, ಬಣ್ಣದ ಕುಚ್ಚು ಕಟ್ಟಿ ಕೊನೆಗೆ ಬ್ಯಾಟರಿ ಇಳಿದು ಗದ್ದೆಯಲ್ಲಿ ನಿಲ್ಲಿಸಿದವರನ್ನ ನಾನು ಬಲ್ಲೆ.

ಕಂಪನಿಗೆ 25 ವರ್ಷ ತುಂಬಿದ ನೆಪಕ್ಕೆ 1988ರಲ್ಲಿ ಬಂದಿದ್ದು ಅತ್ತಿಗೆ ಬೆರಳು ಕುಟ್ಟಿದ ಕಾರು. ಮೈ ತುಂಬ ಅಡ್ಡ ಪಟ್ಟಿ. ಆಗ ಫೆರಾರಿ ಟೆಸ್ಟರೋಸಾ ಪಕ್ಕದಲ್ಲಿ ಉದ್ದುದ್ದ ಪಟ್ಟಿ ಇತ್ತು, ಜನ ಮರುಳಾಗಿದ್ದರು. ಅದನ್ನ ನೋಡಿಯೇ ಇವರೂ ಬಡಿದರು ಅಂತ ನನಗೆ ಅನ್ನಿಸ್ತದೆ. ಫೆರಾರಿಯಲ್ಲಿ ಪಟ್ಟಿಗೆ ಒಂದು ಕಾರಣ ಇತ್ತು. ರೇಡಿಯೇಟರ್ ಪಕ್ಕಕ್ಕೆ ಬಂದಿತ್ತು, ಗಾಳಿ ಬಾಯಿ ದೊಡ್ಡದಾಯ್ತು, ಅಷ್ಟು ದೊಡ್ಡ ಬಾಯಿ ತೆರೆದು ಬಿಡೋ ಹಂಗಿಲ್ಲ ಅಂತ ಕೆಲವು ದೇಶದ ಕಾನೂನು. ಲ್ಯಾಂಬೋರ್ಗಿನಿಯ ಪಟ್ಟಿ ಕಾಲದ ಶೋಕಿ. ಯಾವ ವರ್ಷ ಯಾವುದಕ್ಕೆ ಮರುಳಾಗಿದ್ದೆವೋ ಅದೇ ಮೊದಲು ಹಳತಾಗೋದು. ಕಾರಿನ ವಯಸ್ಸು ಕಂಡುಹಿಡಿಯೋಕೆ ಬೇರೆಲ್ಲೂ ನೋಡಬೇಕಾಗಿಲ್ಲ, ಆ ಪಟ್ಟಿ ನೋಡಿದರೆ ಸಾಕು.

ಆದರೆ ಇಲ್ಲೊಂದು ಮುಳ್ಳು ಇದೆ, ಅದನ್ನ ಮುಚ್ಚಿಟ್ಟು ಬರೆಯಬಾರದು. ಎಲ್ಲಾ ಕೂಂಟಾಶ್‌ಗಳಲ್ಲಿ ಹೆಚ್ಚು ಮಾರಿದ್ದು ಇದೇ ಪಟ್ಟಿ ಕಾರು, ಸುಮಾರು 650. ಗಾಂದಿನಿ ಬರೆದ ಚೊಕ್ಕ ಕಾರು ಮಾರಿದ್ದು ಅದರ ಕಾಲುಭಾಗ.

ಇದು ನನಗೆ ಗೊತ್ತಿರೋ ಸಂಗತಿ. 1994ರಲ್ಲಿ ಒಂದು ಕ್ಯಾಸೆಟ್ ಕಂಪನಿಯವರು ಮೈಸೂರಿಗೆ ಕರೆಸಿ ನಮ್ಮ ಮೇಳದ ಸಂಕಮ್ಮನ ಸಾಲು ರೆಕಾರ್ಡ್ ಮಾಡಿದರು. ತಂಬೂರಿ, ದಮ್ಮಡಿ, ಕಂಸಾಳೆ ಸಾಕು ಅಂತ ಅವರೇ ಅಂದರು. ಕೀಬೋರ್ಡು ಬೇಕು, ರಿದಂ ಪ್ಯಾಡು ಬೇಕು, ಸಿನಿಮಾ ಹಾಡಿನಂಗೆ ಇರಲಿ ಅಂತ ಹಟ ಹಿಡಿದವನು ನಾನು. ಕ್ಯಾಸೆಟ್ ಚೆನ್ನಾಗಿ ಹೋಯ್ತು. ಬೆಟ್ಟದ ಜಾತ್ರೆಯಲ್ಲಿ ಮೂರು ವರ್ಷ ಅಂಗಡಿ ಅಂಗಡಿಯಲ್ಲಿ ನನ್ನ ದನಿ. ಅದಕ್ಕೆ ಹತ್ತು ವರ್ಷ ಮುಂಚೆ ಒಬ್ಬ ಮೇಷ್ಟ್ರು ದೇವಸ್ಥಾನದ ಜಗಲಿ ಮೇಲೆ ಟೇಪ್‌ರೆಕಾರ್ಡರ್ ಇಟ್ಟು ಅದೇ ಸಾಲನ್ನ ಹಿಡಿದಿದ್ದರು, ಅದು ಯಾರಿಗೂ ಮಾರಿದ್ದಲ್ಲ. ಹೋದ ಬೇಸಿಗೆಯಲ್ಲಿ ಮಗ ಎರಡನ್ನೂ ಫೋನಿಗೆ ಹಾಕಿಸಿಕೊಂಡು ಬಂದು ಕೇಳಿಸಿದ. ಕೀಬೋರ್ಡು ಶುರುವಾದ ತಕ್ಷಣ ಮೊಮ್ಮಗ ಬಾಯಿ ಮುಚ್ಚಿಕೊಂಡು ನಕ್ಕ. ನನಗೆ ಎದ್ದು ಹೋಗಬೇಕು ಅನ್ನಿಸ್ತು. ಜಗಲಿ ಮೇಲೆ ಹಾಡಿದ್ದರಲ್ಲಿ ನಾಯಿ ಬೊಗಳೋದು, ಮಗು ಅಳೋದು ಎಲ್ಲ ಇದೆ, ಆದರೂ ಹುಡುಗ ಕೊನೆವರೆಗೆ ಕೂತ.

ಹಂಗಂತ ಮಾರಿದ ಕ್ಯಾಸೆಟ್ ಪೂರ್ತಿ ಕೆಟ್ಟದ್ದಲ್ಲ. ಕ್ಯಾಸೆಟ್ಟಿನ ಒಂದು ಮಗ್ಗುಲಿಗೆ ಅರ್ಧ ಗಂಟೆ. ಬೆಳಗಾಗೋವರೆಗೆ ಹಾಡೋ ಕಥೆಯನ್ನ ಅಷ್ಟರಲ್ಲಿ ಮುಗಿಸಬೇಕು ಅಂತ ನಾನು ಸೊಲ್ಲು ಸೊಲ್ಲು ತೂಗಿ ಕಡಿದಿದ್ದೆ. ಆ ಕಡಿತ ಇವತ್ತಿಗೂ ಸರಿಯಾಗಿಯೇ ಇದೆ, ಈಗಲೂ ಸಣ್ಣ ಕಾರ್ಯಕ್ರಮದಲ್ಲಿ ಹಂಗೇ ಹಾಡ್ತೀನಿ. ಕಾರಿನ ಪಕ್ಕದ ತೂತು ನೋಡಿದಾಗ ನನಗೆ ಜ್ಞಾಪಕ ಬಂದಿದ್ದು ಅದೇ.

ಇಂಗ್ಲೆಂಡಿನ ಜಾಗ್ವಾರ್ ಇ-ಟೈಪ್ ಕಾರಿನ ಕಥೆ ಬೇರೆ. 1961ರಲ್ಲಿ ಬಂದಾಗ ಅದರ ದೀಪದ ಮೇಲೆ ಗಾಜಿನ ಮುಚ್ಚಳ ಇತ್ತು, ಮೂತಿ ಹಾವಿನ ತಲೆಯಂಗೆ ನುಣ್ಣಗೆ. ಅಮೆರಿಕದ ಕಾನೂನು ಗಾಜು ತೆಗೆಸ್ತು, ಹಿಂದಿನ ದೀಪ ದಪ್ಪ ಆಯ್ತು. ಅಲ್ಲಿ ಯಾರ ಶೋಕಿಯೂ ಇಲ್ಲ, ರಾತ್ರಿ ದಾರಿ ಕಾಣಬೇಕು, ಜನ ಸಾಯಬಾರದು. ಅದನ್ನ ಬೈಯೋಕೆ ನನಗೆ ಮನಸ್ಸಿಲ್ಲ. (ಆ ಕಂಪನಿ 2008ರಿಂದ ನಮ್ಮ ಟಾಟಾದವರದ್ದು.)

ಪೋರ್ಷೆ 911 ನನ್ನ ಲೆಕ್ಕದಲ್ಲಿ ಕಂಸಾಳೆ ಮೇಳ ಇದ್ದಂಗೆ. 1963ರಲ್ಲಿ ಜರ್ಮನಿಯಲ್ಲಿ ತೋರಿಸಿದಾಗ ಹೆಸರು 901. ನಡುವೆ ಸೊನ್ನೆ ಇರೋ ನಂಬರು ನಮ್ಮದು ಅಂತ ಫ್ರಾನ್ಸಿನ ಪೆಜೋ ಕಂಪನಿ ತಗಾದೆ ಮಾಡಿದ್ದಕ್ಕೆ 911 ಆಯ್ತು. ಅವತ್ತಿಂದ ಇವತ್ತಿನವರೆಗೆ ಇಂಜಿನ್ ಹಿಂದೆಯೇ, ಬೆನ್ನು ಅದೇ ಇಳಿಜಾರು, ಗುಂಡು ದೀಪ. ನಡುವೆ ಕಂಪನಿಯವರೇ ಇದನ್ನ ನಿಲ್ಲಿಸಿ 928 ಅನ್ನೋ ಹೊಸ ಕಾರನ್ನ ಇದರ ಜಾಗಕ್ಕೆ ತರಬೇಕು ಅಂತಿದ್ದರು. 928 1995ಕ್ಕೆ ನಿಂತುಹೋಯ್ತು, ಇದು ಇನ್ನೂ ಓಡ್ತಾ ಇದೆ. ಒಂದು ಸಲ ಎಡವಿದರು. 1998ರ ಹೊತ್ತಿಗೆ ಗುಂಡು ದೀಪ ಬಿಟ್ಟು, ಒಡೆದ ಮೊಟ್ಟೆ ಹರಿದಂಗೆ ಇರೋ ದೀಪ ಇಟ್ಟರು. ಅದೇ ಕಾರಿನಲ್ಲೇ ಇಂಜಿನ್ನಿಗೆ ಗಾಳಿ ಬದಲು ನೀರಿನ ತಂಪು ಬಂತು. ಅಷ್ಟು ದೊಡ್ಡ ಬದಲಾವಣೆಯನ್ನ ಜನ ನಿಧಾನಕ್ಕೆ ನುಂಗಿಕೊಂಡರು, ದೀಪ ಮಾತ್ರ ಗಂಟಲಲ್ಲಿ ನಿಂತುಕೊಂಡ್ತು. 2004ರಲ್ಲಿ ಗುಂಡು ದೀಪ ವಾಪಸು ಬಂತು. ಕಥೆಯಲ್ಲಿ ನಾವು ಎಷ್ಟೋ ಬದಲಾಯಿಸ್ತೀವಿ, ಕೇಳೋರು ಸುಮ್ಮನಿರ್ತಾರೆ. ಸೊಲ್ಲು ಬದಲಾಯಿಸಿ ನೋಡಿ, ಮುಂದೆ ಕೂತ ಮುದುಕಿ ಅಲ್ಲೇ ತಡೀತಾಳೆ.

ಇಲ್ಲಿ ನನಗೂ ಗಾಂದಿನಿಗೂ ಜಗಳ. 2021ರಲ್ಲಿ ಲ್ಯಾಂಬೋರ್ಗಿನಿಯವರು ಕೂಂಟಾಶ್ ಹೆಸರಲ್ಲೇ ಹೊಸ ಕಾರು ಮಾಡಿದರು, 112 ಮಾತ್ರ. ಹಳೇ ಗೆರೆಗಳನ್ನೇ ಜ್ಞಾಪಿಸೋ ಹಂಗೆ ಇದೆ. ಗಾಂದಿನಿ ಆಗ ಎಂಬತ್ತು ದಾಟಿದ ಮುದುಕ. ಇದಕ್ಕೂ ನನಗೂ ಸಂಬಂಧ ಇಲ್ಲ ಅಂತ ಬಹಿರಂಗವಾಗಿ ಹೇಳಿಕೆ ಕೊಟ್ಟ. ಮಾಡಿದ್ದನ್ನೇ ಮಾಡೋದು ತನ್ನ ದಾರಿ ಅಲ್ಲ, ತಾನು ಯಾವಾಗಲೂ ಹೊಸದನ್ನ ಹುಡುಕಿದವನು ಅನ್ನೋದು ಅವನ ಮಾತಿನ ಸಾರ. 2024ರಲ್ಲಿ ತೀರಿಕೊಂಡ. ಅವನ ಮಟ್ಟಿಗೆ ಅದು ಸತ್ಯ. ಗುಂಡಗಿನ ಮಿಯುರಾ ಮಾಡಿದ ಕೈ ಐದು ವರ್ಷಕ್ಕೆ ಕೂಂಟಾಶ್ ಮಾಡಿದೆ, ಒಂದಕ್ಕೊಂದು ಅಣ್ಣತಮ್ಮ ಅನ್ನೋಕೂ ಆಗೋದಿಲ್ಲ. ಆದರೆ ನಾನು ಐವತ್ತು ವರ್ಷ ಹಾಡಿದ್ದನ್ನೇ ಹಾಡಿದವನು. ನನ್ನ ಗುರು ಹಾಡಿದ್ದೂ ಅದನ್ನೇ. ಮಾಡಿದ್ದನ್ನೇ ಮಾಡೋದು ಕೀಳು ಅಂದರೆ ನಾವು ಎಲ್ಲಿಗೆ ಹೋಗೋದು? ಪೋರ್ಷೆಯವರು ಎಲ್ಲಿಗೆ ಹೋಗೋದು?

ಬಹಳ ದಿನ ಇದೇ ತಲೆಯಲ್ಲಿ ಕೂತಿತ್ತು. ಕೊನೆಗೆ ನನಗೆ ತೋಚಿದ್ದು ಇಷ್ಟು. ಪೋರ್ಷೆಯವರು ಕಾರನ್ನ ಒಂದು ಸಲವೂ ಕೈಬಿಡಲಿಲ್ಲ, ಅಪ್ಪನಿಂದ ಮಗನಿಗೆ ಹೋದಂಗೆ ವರ್ಷ ವರ್ಷ ತಿದ್ದುತ್ತಾ ಬಂದರು. ಕೂಂಟಾಶ್ 1990ಕ್ಕೆ ನಿಂತಿತ್ತು. ಮೂವತ್ತು ವರ್ಷ ಬಿಟ್ಟು, ಹೆಸರಿಗೆ ಬೆಲೆ ಇದೆ ಅಂತ ಎಬ್ಬಿಸಿದರು. ಅದನ್ನ ಹಾಡೋದು ಅನ್ನೋಕಾಗೋದಿಲ್ಲ, ಹಾಡುಗಾರನ ವೇಷ ಹಾಕೋದು ಅನ್ನಬೇಕು. ಗಾಂದಿನಿ ಸಿಟ್ಟಾಗಿದ್ದು ಅದಕ್ಕೇ ಆಗಿದ್ದರೆ ನಾನು ಅವನ ಕಡೆ. ಇಲ್ಲವಾದರೆ ಜಗಳ ಹಂಗೇ ಇರಲಿ.

ನಮ್ಮ ಮೇಳದ ಹುಡುಗರು ಈ ಶಿವರಾತ್ರಿಗೆ ಕೀಬೋರ್ಡು ಬಾಡಿಗೆಗೆ ತರ್ತೀವಿ ಅಂತ ಕೂತವರೆ. ಹಳೇ ಕ್ಯಾಸೆಟ್ ಕೇಳಿಸಿದೆ. ಕೇಳಿ ನಕ್ಕರು, “ಅಣ್ಣ, ಅದು ಹಳೇ ಕೀಬೋರ್ಡು, ಈಗಿಂದು ಚೆನ್ನಾಗಿ ಬತ್ತದೆ” ಅಂದರು. 1988ರಲ್ಲಿ ಆ ಪಟ್ಟಿ ಬಡಿದವರೂ ಹಂಗೇ ಅಂದುಕೊಂಡಿರಬೇಕು ಅಂತ ಹೇಳೋಕೆ ಹೋದೆ, ಅವರಿಗೆ ಕಾರಿನ ವಿಷಯ ಗೊತ್ತಿಲ್ಲ. ಅದಕ್ಕೇ ಇಷ್ಟು ಬರೆದೆ. ಮೊಮ್ಮಗ ಗೋಡೆಗೆ ಅಂಟಿಸಿರೋ ಕೆಂಪು ಕಾರು ಯಾವುದು ಅಂತ ಕೇಳಿದರೆ, ಅದು ರೆಕ್ಕೆ ಇರೋದೇ. ನಾನು ತೆಗೆಸಿಲ್ಲ.